ಮೊದಲ ಷರಾ ಯಾರದು?

(ಮಾತನ್ನು ಬರಹಕ್ಕೆ ಇಳಿಸುವಾಗ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಆ ದಿನ ಹೊತ್ತು ಸಾಲದೆ ಬಿಟ್ಟಿದ್ದ ಒಂದೆರಡು ಸಂಗತಿ ಸೇರಿಸಿದ್ದೇನೆ. ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ವಕೀಲನಲ್ಲ, ಪ್ರಾಧ್ಯಾಪಕನೂ ಅಲ್ಲ. ಕೋರ್ಟಿನ ರೆಕಾರ್ಡ್ ರೂಮಿನಲ್ಲಿ ನೌಕರಿ ಮಾಡಿ ನಿವೃತ್ತನಾದವನು. ಕಡತ ಹೊಲಿಯುವುದು, ಪುಟಗಳಿಗೆ ನಂಬರು ಹಾಕುವುದು, ಕೇಳಿದಾಗ ಹುಡುಕಿ ಕೊಡುವುದು, ಅವಧಿ ಮುಗಿದದ್ದನ್ನು ನಾಶಪಡಿಸಲು ಪಟ್ಟಿ ಮಾಡುವುದು, ಇಷ್ಟೇ ನನ್ನ ಕೆಲಸ. ಅಷ್ಟು ವರ್ಷ ದೂಳು ಕುಡಿದು ಕಲಿತದ್ದು ಒಂದೇ ಮಾತು. ಕಡತದಲ್ಲಿ ಮೊದಲ ಷರಾ ಬರೆದವನು ಏನು ಬರೆದನೋ, ಆಮೇಲೆ ಬರುವ ಮೇಲಧಿಕಾರಿ, ವಕೀಲ, ನ್ಯಾಯಾಧೀಶ ಎಲ್ಲರೂ ಅದರ ಸುತ್ತಲೇ ಸುತ್ತುತ್ತಾರೆ. ಒಪ್ಪಬಹುದು, ತಳ್ಳಿಹಾಕಬಹುದು. ಆದರೆ ಶುರು ಮಾಡುವುದು ಅಲ್ಲಿಂದಲೇ.

ನಿವೃತ್ತಿಯ ಮೇಲೆ ನನಗೆ ವಿಚಾರಣಾ ಆಯೋಗಗಳ ವರದಿ ಓದುವ ಚಟ ಹತ್ತಿತು. ಮನೆಯವರು ಅದನ್ನು ಚಟ ಅಂತಲೇ ಕರೆಯುವುದು. ಈ ವಿಷಯದಲ್ಲಿ ಕೆನಡಾದಷ್ಟು ಉದಾರ ದೇಶ ಇನ್ನೊಂದಿಲ್ಲ. ಅಲ್ಲಿನ ಮೂಲನಿವಾಸಿಗಳನ್ನು ಪೊಲೀಸರು ನಡೆಸಿಕೊಂಡ ರೀತಿಯ ಬಗ್ಗೆ ನಲವತ್ತು ವರ್ಷಗಳಿಂದ ಆಯೋಗದ ಮೇಲೆ ಆಯೋಗ ಕೂತಿದೆ. ಸಾವಿರಾರು ಪುಟ. ಎಲ್ಲವೂ ಸಾರ್ವಜನಿಕರಿಗೆ ಓದಲು ಸಿಗುತ್ತದೆ. ಇವತ್ತು ಆ ಪುಟಗಳಲ್ಲಿ ನನಗೆ ಕಂಡದ್ದನ್ನು ಹೇಳುತ್ತೇನೆ. ಹೋಲಿಕೆ ನನ್ನ ಕೆಲಸವಲ್ಲ, ಕೆನಡಾದಲ್ಲೇ ಇರುತ್ತೇನೆ.

2000ನೇ ಇಸವಿ, ಜನವರಿ 28ರ ನಸುಕು. ಸಾಸ್ಕಾಚೆವಾನ್ ಪ್ರಾಂತ್ಯದ ಸಾಸ್ಕಟೂನ್ ನಗರ. ಊರಿನ ಹೆಸರೇ ಕ್ರೀ ಎಂಬ ಮೂಲನಿವಾಸಿ ಜನಾಂಗದ ಭಾಷೆಯದು, ಅಲ್ಲಿ ಬೆಳೆಯುವ ಒಂದು ಕಾಡು ಹಣ್ಣಿನ ಹೆಸರು. ಡ್ಯಾರೆಲ್ ನೈಟ್ ಎಂಬ ಕ್ರೀ ಮನುಷ್ಯ ಕುಡಿದಿದ್ದ. ಹಾದುಹೋಗುತ್ತಿದ್ದ ಪೊಲೀಸ್ ಕಾರಿನತ್ತ ಕೂಗಾಡಿದ. ಕಾರು ನಿಂತಿತು, ಇಬ್ಬರು ಪೇದೆಗಳು ಕೈಕೋಳ ಹಾಕಿ ಹಿಂದಿನ ಸೀಟಿನಲ್ಲಿ ಕೂರಿಸಿದರು. ಠಾಣೆಗೆ ಒಯ್ಯುತ್ತಾರೆ ಎಂದುಕೊಂಡಿದ್ದ. ಕಾರು ಊರು ದಾಟಿತು. ಕ್ವೀನ್ ಎಲಿಜಬೆತ್ ವಿದ್ಯುತ್ ಸ್ಥಾವರದ ಹತ್ತಿರ, ಬಟ್ಟ ಬಯಲಿನಲ್ಲಿ, ಕೋಳ ಬಿಚ್ಚಿ ಇಳಿಸಿ ಹೊರಟುಹೋದರು. ಮೈಮೇಲೆ ಒಂದು ಜೀನ್ಸ್ ಜಾಕೆಟ್. ಹೊರಗೆ ಸೊನ್ನೆಗಿಂತ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಕೆಳಗಿನ ಚಳಿ.

ನೈಟ್ ಬದುಕಿದ. ಸ್ಥಾವರದ ಬಾಗಿಲು ಬಡಿದ, ಬಡಿಯುತ್ತಲೇ ಇದ್ದ. ರಾತ್ರಿ ಪಾಳಿಯಲ್ಲಿದ್ದ ಒಬ್ಬರು ಕೇಳಿಸಿಕೊಂಡು ಒಳಗೆ ಕರೆದು ಟ್ಯಾಕ್ಸಿ ತರಿಸಿಕೊಟ್ಟರು. ಅವನು ಮನೆಗೆ ಹೋಗಿ ಸುಮ್ಮನಾದ. ಯಾರಿಗೆ ಹೇಳುವುದು? ದೂರು ಕೊಡಬೇಕಾದದ್ದೂ ಪೊಲೀಸರಿಗೇ.

ಮರುದಿನ, ಜನವರಿ 29ರಂದು, ಊರಿನ ಅದೇ ದಿಕ್ಕಿನಲ್ಲಿ ರಾಡ್ನಿ ನೈಸ್ಟಸ್ ಎಂಬ ಯುವಕನ ಹೆಪ್ಪುಗಟ್ಟಿದ ಶವ ಸಿಕ್ಕಿತು. ಫೆಬ್ರವರಿ 3ರಂದು ಆ ವಿದ್ಯುತ್ ಸ್ಥಾವರದ ಬಳಿಯೇ ಲಾರೆನ್ಸ್ ವೆಗ್ನರ್ ಎಂಬ ವಿದ್ಯಾರ್ಥಿಯ ಶವ ಸಿಕ್ಕಿತು, ಕಾಲಲ್ಲಿ ಬೂಟಿರಲಿಲ್ಲ. ಇಬ್ಬರೂ ಮೂಲನಿವಾಸಿಗಳು. ಈ ಎರಡು ಸಾವಿಗೂ ಪೊಲೀಸರಿಗೂ ಸಂಬಂಧವಿದೆ ಎಂದು ಇವತ್ತಿನವರೆಗೂ ರುಜುವಾತಾಗಿಲ್ಲ, ಅದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಆದರೆ ಸುದ್ದಿ ಕೇಳಿದ ನೈಟ್‌ಗೆ ತಾನು ಎಂಥದರಿಂದ ಪಾರಾದೆ ಎಂಬುದು ಹೊಳೆಯಿತು. ಬೇರೆ ಯಾವುದೋ ಕೆಲಸಕ್ಕೆ ಬಂದಿದ್ದ ಒಬ್ಬ ಪೊಲೀಸ್ ಅಧಿಕಾರಿಯ ಮುಂದೆ ಬಾಯಿ ಬಿಟ್ಟ. ಆ ಅಧಿಕಾರಿ ನಂಬಿದರು, ದೂರು ಕೊಡು ಎಂದರು.

ಪ್ರಕರಣ ಕೋರ್ಟಿಗೆ ಹೋಯಿತು. ಅವನೇ ಅಲ್ಲಿ ಇಳಿಸಿ ಅಂದ, ಎಂಬುದು ಪೇದೆಗಳ ವಾದ. 2001ರಲ್ಲಿ ಜ್ಯೂರಿ ಅವರನ್ನು ಅಕ್ರಮ ಬಂಧನದ ಅಪರಾಧಿಗಳೆಂದು ತೀರ್ಪಿತ್ತಿತು. ಶಿಕ್ಷೆ 8 ತಿಂಗಳು. ಶಿಕ್ಷೆ ನಿಗದಿಗೆ ಮೊದಲು ಅವರು ಇಟ್ಟ ಒಂದು ಬೇಡಿಕೆ ಇದೆ, ಓದಿದಾಗ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಮೂಲನಿವಾಸಿಗಳಲ್ಲಿ ತಪ್ಪಿತಸ್ಥ, ನೊಂದವರು, ಹಿರಿಯರು ವೃತ್ತಾಕಾರದಲ್ಲಿ ಕೂತು ಶಿಕ್ಷೆಯ ಬಗ್ಗೆ ಮಾತಾಡುವ ಪದ್ಧತಿಯೊಂದಿದೆ. ತಮಗೂ ಆ ಪದ್ಧತಿಯಂತೆ ಶಿಕ್ಷೆ ಗೊತ್ತುಮಾಡಿ ಎಂದು ಈ ಇಬ್ಬರು ಕೇಳಿದ್ದರು. ನ್ಯಾಯಾಧೀಶರು ಒಪ್ಪಲಿಲ್ಲ.

ಊರ ಹೊರಗೆ ಬಿಟ್ಟುಬರುವ ಈ ಕೆಲಸಕ್ಕೆ ಅಲ್ಲಿ ಒಂದು ಹೆಸರಿತ್ತು: ಸ್ಟಾರ್‌ಲೈಟ್ ಟೂರ್. ನಕ್ಷತ್ರ ನೋಡಲು ಕರೆದೊಯ್ಯುವ ಪ್ರವಾಸ. ಒಮ್ಮೆ ನಡೆದ ಅಚಾತುರ್ಯಕ್ಕೆ ಯಾರೂ ಅಡ್ಡಹೆಸರು ಇಡುವುದಿಲ್ಲ. 1997ರಲ್ಲಿ, ಅಂದರೆ ನೈಟ್ ಪ್ರಕರಣಕ್ಕೆ ಮೂರು ವರ್ಷ ಮೊದಲು, ಅದೇ ಊರಿನ ಒಬ್ಬ ಪೊಲೀಸ್ ಅಧಿಕಾರಿ ಸ್ಥಳೀಯ ವಾರಪತ್ರಿಕೆಯ ತಮ್ಮ ಅಂಕಣದಲ್ಲಿ, ಕುಡುಕನೊಬ್ಬನನ್ನು ಇಬ್ಬರು ಪೊಲೀಸರು ಊರಾಚೆ ಬಿಟ್ಟುಬರುವ ಕಥೆಯನ್ನು ಹಾಸ್ಯವಾಗಿ ಬರೆದಿದ್ದರು. ಅದು ಅಚ್ಚಾಯಿತು. ಜನ ಓದಿದರು. ಯಾರೂ ಬೆಚ್ಚಿಬೀಳಲಿಲ್ಲ.

ಈಗ ನನ್ನ ಕಸುಬಿನ ಪ್ರಶ್ನೆಗೆ ಬರುತ್ತೇನೆ. ಆ ರಾತ್ರಿ ಸ್ಥಾವರದ ಒಳಗಿದ್ದವರಿಗೆ ಬಾಗಿಲು ಬಡಿದದ್ದು ಕೇಳಿಸದೇ ಹೋಗಿದ್ದರೆ ಕಡತದಲ್ಲಿ ಏನಿರುತ್ತಿತ್ತು? ಊಹಿಸಬೇಕಿಲ್ಲ. ಅಂಥ ಕಡತವೊಂದು ಅದೇ ಊರಿನಲ್ಲಿ ಹತ್ತು ವರ್ಷ ಮೊದಲೇ ತಯಾರಾಗಿತ್ತು.

ನೀಲ್ ಸ್ಟೋನ್‌ಚೈಲ್ಡ್, ಸೋಟೊ ಜನಾಂಗದ ಹುಡುಗ, ವಯಸ್ಸು 17. ಶಾಲೆಯಲ್ಲಿ ಕುಸ್ತಿಪಟು. ಸಣ್ಣಪುಟ್ಟ ಅಪರಾಧಗಳಿಗಾಗಿ ಅವನನ್ನು ಬಾಲಕರ ಗೃಹವೊಂದರಲ್ಲಿ ಇಟ್ಟಿದ್ದರು, ಅಲ್ಲಿಂದ ಹೇಳದೆ ಬಂದಿದ್ದ. 1990ರ ನವೆಂಬರ್ 24, ಶನಿವಾರ ರಾತ್ರಿ. ಅವನೂ ಗೆಳೆಯ ಜೇಸನ್ ರಾಯ್ ಎಂಬ 16ರ ಹುಡುಗನೂ ಕುಡಿದು, ಪರಿಚಯದ ಹುಡುಗಿಯೊಬ್ಬಳ ಮನೆ ಹುಡುಕುತ್ತ ಅಪಾರ್ಟ್‌ಮೆಂಟಿನ ಗಂಟೆಗಳನ್ನು ಒತ್ತುತ್ತಿದ್ದರು. ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಗೆಳೆಯರು ಅಷ್ಟರಲ್ಲಿ ಬೇರೆಬೇರೆ ದಾರಿ ಹಿಡಿದಿದ್ದರು. ಸ್ವಲ್ಪ ಹೊತ್ತಿಗೆ ರಾಯ್ ಎದುರು ಪೊಲೀಸ್ ಕಾರು ಬಂದು ನಿಂತಿತು. ಅವನು ಹೇಳುವ ಪ್ರಕಾರ, ಹಿಂದಿನ ಸೀಟಿನಲ್ಲಿ ನೀಲ್ ಇದ್ದ, ಮುಖದಲ್ಲಿ ರಕ್ತ, ಕಾಪಾಡು ಎಂದು ಕೂಗುತ್ತಿದ್ದ. ಇವನು ಗೊತ್ತೇ ಎಂದು ಪೊಲೀಸರು ಕೇಳಿದರು. ರಾಯ್ ಹೆದರಿ ಗೊತ್ತಿಲ್ಲ ಎಂದ. ತನ್ನ ಹೆಸರನ್ನೂ ಸುಳ್ಳು ಹೇಳಿದ.

ಐದು ದಿನದ ನಂತರ, ನವೆಂಬರ್ 29ರಂದು, ಊರಿನ ಉತ್ತರದ ಕೈಗಾರಿಕಾ ಪ್ರದೇಶದ ಖಾಲಿ ಜಾಗದಲ್ಲಿ ಕಟ್ಟಡ ಕೆಲಸದವರಿಗೆ ನೀಲ್‌ನ ಶವ ಕಂಡಿತು. ಒಂದು ಕಾಲಿನಲ್ಲಿ ಶೂ ಇರಲಿಲ್ಲ. ಅವನು ಕಾಣೆಯಾದ ರಾತ್ರಿ ಪಾದರಸ ಸೊನ್ನೆಗಿಂತ 28 ಡಿಗ್ರಿ ಕೆಳಕ್ಕೆ ಇಳಿದಿತ್ತು. ಮರಣೋತ್ತರ ಪರೀಕ್ಷೆ ಚಳಿಯಿಂದ ಸಾವು ಎಂದಿತು.

ತನಿಖಾಧಿಕಾರಿ ಡಿಸೆಂಬರ್ 5ಕ್ಕೆ ಕಡತ ಮುಚ್ಚಿದರು. ಶವ ಸಿಕ್ಕಿ ಒಂದು ವಾರವೂ ಆಗಿರಲಿಲ್ಲ. ಷರಾದಲ್ಲಿ ಮೂರು ಊಹೆಗಳಿವೆ: ಹುಡುಗ ತಾನೇ ಶರಣಾಗಲು ಜೈಲಿನತ್ತ ನಡೆದಿರಬಹುದು, ರೈಲು ಹಳಿ ಹಿಡಿದು ಗೃಹಕ್ಕೆ ವಾಪಸಾಗುತ್ತಿದ್ದಿರಬಹುದು, ಅಥವಾ ಕುಡಿದ ಅಮಲಿನಲ್ಲಿ ಎಲ್ಲೆಲ್ಲೋ ಅಲೆದು ಬಿದ್ದಿರಬಹುದು. ವಿಲೇವಾರಿ. ಕಾಣೆಯಾದ ಶೂ ಎಲ್ಲಿ ಎಂಬ ಪ್ರಶ್ನೆಯೇ ಇಲ್ಲ. ಮೂಗಿನ ಮೇಲಿದ್ದ ಗೀರುಗಳ ಬಗ್ಗೆ ವಿವರಣೆ ಇಲ್ಲ. ಆ ರಾತ್ರಿ ದೂರಿನ ಮೇಲೆ ಹೋದ ಪೇದೆಗಳು ಯಾರು, ಅವರನ್ನು ಕೇಳೋಣ ಎನ್ನುವ ಸಾಮಾನ್ಯ ಬುದ್ಧಿಯೂ ಕಾಣುವುದಿಲ್ಲ. ರಾಯ್ ತಾನು ಕಂಡದ್ದನ್ನು ಈ ಅಧಿಕಾರಿಗೆ ಆಗಲೇ ಹೇಳಿದ್ದ, ಅವರು ಅದನ್ನು ಬರೆದುಕೊಳ್ಳಲಿಲ್ಲ ಎಂದು 14 ವರ್ಷದ ಮೇಲೆ ಆಯೋಗ ತೀರ್ಮಾನಿಸಿತು.

ಸುಳ್ಳು ಬರೆದರೆ ಎಂದಾದರೂ ಯಾರಾದರೂ ಅದನ್ನು ಸುಳ್ಳೆಂದು ತೋರಿಸಬಹುದು. ಬರೆಯದೇ ಬಿಟ್ಟದ್ದನ್ನು ಹಿಡಿಯುವುದು ಹೇಗೆ? ರೆಕಾರ್ಡ್ ರೂಮಿನಲ್ಲಿ ಇಲ್ಲದ ಪುಟಕ್ಕೆ ನಂಬರು ಹಾಕಲು ಬರುವುದಿಲ್ಲ.

ನೀಲ್‌ನ ತಾಯಿ ಸ್ಟೆಲ್ಲಾ ಬಿಗ್ನೆಲ್ ಸುಮ್ಮನಿರಲಿಲ್ಲ. 1991ರ ಮಾರ್ಚಿನಲ್ಲಿ ಊರಿನ ಪತ್ರಿಕೆಯಲ್ಲಿ ಅವರ ದೂರು ಬಂತು. ತನಿಖೆ ಸರಿಯಾಗಿಯೇ ಆಗಿದೆ ಎಂದು ಇಲಾಖೆ ಉತ್ತರಿಸಿತು. ಅಲ್ಲಿಗೆ ಒಂಬತ್ತು ವರ್ಷ ಮೌನ. 2000ದಲ್ಲಿ ನೈಟ್ ಬಾಯಿ ಬಿಟ್ಟ ಮೇಲೆಯೇ ರಾಯ್‌ನ ಮಾತಿಗೆ ಕೇಳುವವರು ಸಿಕ್ಕದ್ದು. ರಾಷ್ಟ್ರೀಯ ಪೊಲೀಸ್ ಪಡೆಯಾದ ಆರ್‌ಸಿಎಂಪಿ ತನಿಖೆಗೆ ಇಳಿಯಿತು. 2001ರಲ್ಲಿ ಹೂತ ಶವವನ್ನು ಮೇಲೆತ್ತಿ ಮತ್ತೆ ಪರೀಕ್ಷೆ ಮಾಡಿದರು. ಆಗ ಮೂಲ ಕಡತ ಬೇಕಾಯಿತು. ಕೇಳಿದರೆ ಇಲ್ಲ! ಹಳೆಯ ಕಡತಗಳ ಜೊತೆ ಅದೂ ನಾಶವಾಗಿತ್ತು.

ಇಲ್ಲಿ ನೀವು ಸಂಚು ಹುಡುಕಬೇಡಿ. ಬೇಕಾಗಿಯೂ ಇಲ್ಲ. ಮೊದಲ ಅಧಿಕಾರಿ ಅದನ್ನು ಸಾಮಾನ್ಯ ಸಾವು ಎಂದು ವರ್ಗ ಮಾಡಿದ. ಸಾಮಾನ್ಯ ಕಡತಕ್ಕೆ ಆಯುಸ್ಸು ಕಡಿಮೆ. ಅವಧಿ ಮುಗಿದಾಗ ನನ್ನಂಥ ಒಬ್ಬ ಗುಮಾಸ್ತ ಪಟ್ಟಿ ನೋಡಿ, ಸಹಿ ಹಾಕಿ, ಕಳಿಸಿರುತ್ತಾನೆ. ಅವನ ಕೈ ಶುದ್ಧ. ನಾನೂ ಎಷ್ಟೋ ಕಟ್ಟುಗಳನ್ನು ಹಾಗೆ ಕಳಿಸಿದ್ದೇನೆ, ಬಿಚ್ಚಿ ನೋಡದೆ.

ಕಡತ ಉಳಿದದ್ದು ಒಬ್ಬ ಪೇದೆಯಿಂದ. ಅರ್ನಿ ಲೂಟಿಟ್, ಆ ಪಡೆಯಲ್ಲಿದ್ದ ಕೆಲವೇ ಮೂಲನಿವಾಸಿ ಪೊಲೀಸರಲ್ಲಿ ಒಬ್ಬರು, ಕ್ರೀ ಜನಾಂಗದವರು. 1990ರಲ್ಲಿ ಬೀದಿ ಮಾತು ಕೇಳಿ ಅನುಮಾನ ಬಂದು ಕಡತ ತೆರೆದು ಓದಿದ್ದರು. ತೃಪ್ತಿಯಾಗಲಿಲ್ಲ. ತನಿಖಾಧಿಕಾರಿಯ ಬಳಿ ಹೋಗಿ ಕೇಳಿದರು, ನಿನಗೆ ಸಂಬಂಧಪಡದ್ದು ಎಂಬ ಧಾಟಿಯ ಉತ್ತರ ಬಂತು. ವಾಪಸು ಬಂದವರು ಮಾಡಿದ ಕೆಲಸ ಇಷ್ಟೇ: ಕಡತದ ಜೆರಾಕ್ಸ್ ಪ್ರತಿ ತೆಗೆದು ಇಟ್ಟುಕೊಂಡರು. 2001ರಲ್ಲಿ ತಮ್ಮ ಹಳೆಯ ಕಾಗದಗಳ ನಡುವೆ ಅದು ಸಿಕ್ಕಾಗ ಆರ್‌ಸಿಎಂಪಿಗೆ ಒಪ್ಪಿಸಿದರು. ಇಡೀ ವಿಚಾರಣೆ ನಿಂತದ್ದು ಆ ಪ್ರತಿಯ ಮೇಲೆ.

ಉಳಿದ ಇನ್ನೊಂದು ದಾಖಲೆ ಯಂತ್ರದ್ದು. ಪೊಲೀಸರು ಯಾರನ್ನಾದರೂ ತಡೆದಾಗ ಹೆಸರನ್ನು ರಾಷ್ಟ್ರೀಯ ಕಂಪ್ಯೂಟರಿನಲ್ಲಿ ತಪಾಸಣೆ ಮಾಡುತ್ತಾರೆ, ಆ ತಪಾಸಣೆಯ ಗಂಟೆ ನಿಮಿಷ ದಾಖಲಾಗುತ್ತದೆ. 1990ರ ಆ ರಾತ್ರಿ ಮಧ್ಯರಾತ್ರಿಯ ಆಸುಪಾಸಿನಲ್ಲಿ ಇಬ್ಬರು ಪೇದೆಗಳು ಹುಡುಕಿದ ಹೆಸರುಗಳಲ್ಲಿ ನೀಲ್‌ನ ಹೆಸರೂ ಇತ್ತು, ರಾಯ್ ಹೇಳಿದ್ದ ಸುಳ್ಳು ಹೆಸರೂ ಇತ್ತು. ಆ ಸುಳ್ಳು ಹೆಸರನ್ನು ಕಂಪ್ಯೂಟರಿಗೆ ಕೊಡಬೇಕಾದರೆ ಅವರು ರಾಯ್‌ನನ್ನು ಕಂಡಿರಲೇಬೇಕು. ಹುಡುಗ ಹೆದರಿ ಆಡಿದ ಸುಳ್ಳೇ ಅವನ ಪಾಲಿಗೆ ಸಾಕ್ಷಿಯಾಯಿತು.

ನ್ಯಾಯಮೂರ್ತಿ ಡೇವಿಡ್ ರೈಟ್ ಅವರ ಆಯೋಗ 2004ರ ಅಕ್ಟೋಬರಿನಲ್ಲಿ ವರದಿ ಕೊಟ್ಟಿತು. ಆ ರಾತ್ರಿ ನೀಲ್ ಆ ಇಬ್ಬರು ಪೇದೆಗಳ ವಶದಲ್ಲಿದ್ದ. ಅವನ ಮೈಮೇಲಿನ ಗುರುತುಗಳು ಕೈಕೋಳದಿಂದ ಆಗಿರುವ ಸಾಧ್ಯತೆ ಇದೆ. ಮೊದಲ ತನಿಖೆ ಮೇಲುಮೇಲಿನದು, ಏನೇನೂ ಸಾಲದು. ಆದರೆ ಅವನು ಆ ಬಯಲಿಗೆ ಹೇಗೆ ಬಂದ ಎಂಬುದನ್ನು ಹೇಳಲು ಪುರಾವೆ ಇಲ್ಲ ಎಂದೂ ರೈಟ್ ಬರೆದರು. ಪೇದೆಗಳಿಬ್ಬರೂ ಕೊನೆಯವರೆಗೂ ಅವನನ್ನು ವಶಕ್ಕೆ ತೆಗೆದುಕೊಂಡೇ ಇರಲಿಲ್ಲ ಎಂದರು. ಇಲಾಖೆ ಅವರನ್ನು ಕೆಲಸದಿಂದ ತೆಗೆಯಿತು. ಅವರು ಆಯೋಗದ ತೀರ್ಮಾನಗಳನ್ನು ಪ್ರಶ್ನಿಸಿ ಕೋರ್ಟಿಗೆ ಹೋದರು, 2008ರಲ್ಲಿ ಸೋತರು. ಸಾವಿನ ಸಂಬಂಧ ಯಾರ ಮೇಲೂ ಮೊಕದ್ದಮೆ ಆಗಲಿಲ್ಲ. ಹದಿನಾಲ್ಕು ವರ್ಷದ ನಂತರ ಪುರಾವೆ ಎಲ್ಲಿಂದ ತರುವುದು? ಪುರಾವೆ ಇದ್ದದ್ದು ಮೊದಲ ವಾರದಲ್ಲಿ.

ಇದನ್ನು ಒಂದೂರಿನ ಕೆಲವು ದುಷ್ಟರ ಕಥೆ ಎಂದು ಮಡಚಿಡುವ ಆಸೆ ನಿಮಗೂ ಆಗಬಹುದು, ನನಗೂ ಆಗಿತ್ತು. ಬೇರೆ ವರದಿಗಳು ಬಿಡಲಿಲ್ಲ.

ವಿನಿಪೆಗ್, 1988ರ ಮಾರ್ಚ್ 9. ಜೆ. ಜೆ. ಹಾರ್ಪರ್ ಮೂಲನಿವಾಸಿ ಮುಖಂಡರು, ಬುಡಕಟ್ಟು ಮಂಡಳಿಯೊಂದರ ಕಾರ್ಯನಿರ್ವಾಹಕ ನಿರ್ದೇಶಕರು. ರಾತ್ರಿ ನಡೆದು ಮನೆಗೆ ಹೋಗುತ್ತಿದ್ದರು. ಕಾರು ಕದ್ದವನನ್ನು ಹುಡುಕುತ್ತಿದ್ದ ಪೇದೆ ತಡೆದ. ಅಸಲು ಆರೋಪಿ ಅಷ್ಟರಲ್ಲಿ ಸಿಕ್ಕಿಬಿದ್ದಿದ್ದ. ಜಗ್ಗಾಟವಾಯಿತು, ಪೇದೆಯ ಪಿಸ್ತೂಲು ಹಾರಿತು, ಹಾರ್ಪರ್ ಸತ್ತರು. ಪಿಸ್ತೂಲಿಗೆ ಕೈಹಾಕಿದ್ದು ಹಾರ್ಪರ್ ಎಂಬುದು ಪೇದೆಯ ಹೇಳಿಕೆ. ಹಾಗಾದರೆ ಪಿಸ್ತೂಲಿನ ಮೇಲೆ ಬೆರಳಚ್ಚು ಇರಬೇಕಲ್ಲವೇ? ಬೆರಳಚ್ಚು ತೆಗೆಯಲೇ ಇಲ್ಲ. ಎರಡು ದಿನ ತುಂಬುವ ಮೊದಲೇ ಇಲಾಖೆ ತನ್ನವನನ್ನು ನಿರ್ದೋಷಿ ಎಂದು ಸಾರಿತು. ಜನ ಕೆರಳಿದರು, ಆಯೋಗ ನೇಮಕವಾಯಿತು. ಅದರ ಇಬ್ಬರು ಆಯುಕ್ತರಲ್ಲಿ ಒಬ್ಬರು ಮರ್ರಿ ಸಿಂಕ್ಲೇರ್, ಮ್ಯಾನಿಟೋಬಾದ ಮೊದಲ ಮೂಲನಿವಾಸಿ ನ್ಯಾಯಾಧೀಶರು. 1991ರ ಅವರ ವರದಿ ಈ ವಿಷಯ ಓದುವವರಿಗೆ ಬುನಾದಿ.

ವ್ಯಾಂಕೂವರ್, 1998ರ ಡಿಸೆಂಬರ್. ಫ್ರ್ಯಾಂಕ್ ಪಾಲ್, ಮಿಕ್‌ಮಾ ಜನಾಂಗದವರು, ಕುಡಿತಕ್ಕೆ ಬಿದ್ದು ಬೀದಿಯಲ್ಲಿ ಬದುಕುತ್ತಿದ್ದರು. ಮಳೆಯಲ್ಲಿ ತೊಯ್ದು ಏಳಲಾರದೆ ಬಿದ್ದಿದ್ದವರನ್ನು ಲಾಕಪ್ಪಿಗೆ ತಂದರು. ಒಳಗೆ ಸೇರಿಸುವುದಿಲ್ಲ ಎಂದರು ಸಾರ್ಜೆಂಟ್. ಒದ್ದೆ ಬಟ್ಟೆಯಲ್ಲೇ ನೆಲದ ಮೇಲೆ ಎಳೆದುಕೊಂಡು ಹೋಗಿ ವ್ಯಾನಿಗೆ ಹಾಕಿ ಒಂದು ಗಲ್ಲಿಯಲ್ಲಿ ಬಿಟ್ಟರು. ಆ ರಾತ್ರಿಯೇ ಚಳಿಗೆ ಸತ್ತರು. ಸಾರ್ಜೆಂಟಿಗೆ 2 ದಿನ, ಪೇದೆಗೆ 1 ದಿನ ಅಮಾನತು. ಆಯೋಗ ರಚನೆಯಾಗಲು 2007ರವರೆಗೆ ಕಾಯಬೇಕಾಯಿತು. ಪೊಲೀಸರ ಕೈಯಲ್ಲಿ ಸಾವಾದರೆ ಪೊಲೀಸರಲ್ಲದವರು ತನಿಖೆ ಮಾಡಬೇಕು ಎಂದು ಆಯುಕ್ತ ವಿಲಿಯಂ ಡೇವಿಸ್ ಶಿಫಾರಸು ಮಾಡಿದರು. ಬ್ರಿಟಿಷ್ ಕೊಲಂಬಿಯಾದಲ್ಲಿ 2012ರಲ್ಲಿ ಅಂಥ ಕಚೇರಿ ತೆರೆಯಿತು.

ಥಂಡರ್ ಬೇ ಬಗ್ಗೆ ಒಂದು ಗಂಟೆ ಮಾತಾಡಬಹುದು, ಚಿಕ್ಕದಾಗಿ ಹೇಳುತ್ತೇನೆ. ಒಂಟಾರಿಯೋದ ಉತ್ತರದ ದೂರದ ಹಲವು ಬುಡಕಟ್ಟು ಹಳ್ಳಿಗಳಲ್ಲಿ ಹೈಸ್ಕೂಲು ಇಲ್ಲ, ಅಲ್ಲಿನ ಎಷ್ಟೋ ಮಕ್ಕಳು ಓದಲು ಈ ಊರಿಗೆ ಬರುತ್ತಾರೆ. 2000ದಿಂದ 2011ರ ನಡುವೆ ಹಾಗೆ ಬಂದ ಏಳು ವಿದ್ಯಾರ್ಥಿಗಳು ಸತ್ತರು, ಐವರ ಶವ ಸಿಕ್ಕಿದ್ದು ಊರಿನ ನದಿಗಳಲ್ಲಿ. 2015ರಲ್ಲಿ ಮತ್ತೊಬ್ಬ ಮೂಲನಿವಾಸಿಯ ಶವ ನದಿಯಲ್ಲಿ ಸಿಕ್ಕಿದಾಗ, ಮರಣೋತ್ತರ ಪರೀಕ್ಷೆಗೂ ಮೊದಲೇ, ಕೆಲವೇ ಗಂಟೆಗಳಲ್ಲಿ, ಅನುಮಾನಪಡುವಂಥದ್ದೇನಿಲ್ಲ ಎಂದು ಪೊಲೀಸರು ಪ್ರಕಟಿಸಿದರು. ಕುಟುಂಬದವರು ಖಾಸಗಿ ಪತ್ತೇದಾರರನ್ನು ಹಿಡಿದರು. ಸತ್ತವರ ಬ್ಯಾಂಕ್ ಕಾರ್ಡನ್ನು ಸಾವಿನ ನಂತರ ಯಾರೋ ಬಳಸಿದ್ದಾರೆ ಎಂಬುದು ಅವರಿಂದ ಗೊತ್ತಾಯಿತು. ಪ್ರಾಂತ್ಯದ ಪೊಲೀಸ್ ಪರಿಶೀಲನಾ ಕಚೇರಿ 37 ಸಾವಿನ ಕಡತಗಳನ್ನು ಒಂದೊಂದಾಗಿ ಓದಿ 2018ರಲ್ಲಿ ವರದಿ ಕೊಟ್ಟಿತು: ಒಂಬತ್ತು ಸಾವುಗಳ ತನಿಖೆ ಮತ್ತೆ ಆಗಬೇಕು, ಈ ಪಡೆಯಲ್ಲಿ ಜನಾಂಗ ತಾರತಮ್ಯ ವ್ಯವಸ್ಥೆಯ ಮಟ್ಟದಲ್ಲೇ ಇದೆ. ಕುಡಿದು ನೀರಿಗೆ ಬಿದ್ದಿರಬೇಕು ಎಂಬ ಊಹೆ ಮೊದಲು ಬರುತ್ತಿತ್ತು, ತನಿಖೆ ಅದರ ಹಿಂದೆ ಹೋಗುತ್ತಿತ್ತು.

ಕುಡಿತದ ಮಾತು ಎಲ್ಲ ವರದಿಯಲ್ಲೂ ಬರುತ್ತದೆ, ಗಮನಿಸಿ. 2016ರ ಆಗಸ್ಟಿನಲ್ಲಿ ಸಾಸ್ಕಾಚೆವಾನ್‌ನ ಒಂದು ಫಾರ್ಮಿನಲ್ಲಿ ಕೋಲ್ಟನ್ ಬೂಶಿ ಎಂಬ 22ರ ಕ್ರೀ ಯುವಕ ಗುಂಡೇಟಿಗೆ ಸತ್ತ. ಹೊಡೆದದ್ದು ಫಾರ್ಮಿನ ಮಾಲೀಕ, ಪೊಲೀಸರಲ್ಲ. ಆತ ಖುಲಾಸೆಯಾದ, ಅದು ಬೇರೆ ಕಥೆ. ನಾನು ಹೇಳುವುದು ಆ ರಾತ್ರಿ ಮಗನ ಸಾವಿನ ಸುದ್ದಿ ಹೇಳಲು ತಾಯಿಯ ಮನೆಗೆ ಆರ್‌ಸಿಎಂಪಿಯವರು ಹೋದ ರೀತಿಯನ್ನು. ಬಂದೂಕು ಹಿಡಿದು ಮನೆ ಸುತ್ತುವರಿದರು. ಸುದ್ದಿ ಕೇಳಿ ಆ ತಾಯಿ ನೆಲಕ್ಕೆ ಕುಸಿದರು. ಕುಡಿದಿದ್ದೀಯಾ ಎಂದು ಉಸಿರು ಮೂಸಿದರು. ಅನುಮತಿ ಇಲ್ಲದೆ ಮನೆ ಜಾಲಾಡಿದರು. ಮಗನಿಗೆ ಊಟ ತೆಗೆದಿಟ್ಟಿದ್ದೇನೆ ಎಂದಿದ್ದರು ಆಕೆ. ನಿಜವೇ ಎಂದು ಮೈಕ್ರೋವೇವ್ ಬಾಗಿಲು ತೆಗೆದು ನೋಡಿದರು. ಊಟ ಇತ್ತು.

ಆರ್‌ಸಿಎಂಪಿ ಮೇಲಿನ ದೂರುಗಳ ಪರಿಶೀಲನಾ ಆಯೋಗ 2021ರಲ್ಲಿ ಇದನ್ನು ಜನಾಂಗ ತಾರತಮ್ಯ ಎಂದು ಕರೆಯಿತು. ಸಾಕ್ಷ್ಯವಾಗಿದ್ದ ಕಾರನ್ನು ಮಳೆಗೆ ಬಿಟ್ಟು ರಕ್ತದ ಗುರುತು ತೊಳೆದುಹೋದದ್ದನ್ನೂ ಬರೆಯಿತು. ಆ ರಾತ್ರಿಯ ಪೊಲೀಸ್ ಸಂವಹನದ ದಾಖಲೆಗಳು? ಅವನ್ನು ಅಷ್ಟರಲ್ಲಿ ನಾಶ ಮಾಡಲಾಗಿತ್ತು.

ಇಷ್ಟೊಂದು ಅಪನಂಬಿಕೆ ಎಲ್ಲಿಂದ ಬಂತು ಎಂದು ಕೇಳಬಹುದು. ಆರ್‌ಸಿಎಂಪಿಯ ಮೂಲ 1873ರಲ್ಲಿ ಹುಟ್ಟಿದ ಕುದುರೆ ಪಡೆ. ಪಶ್ಚಿಮದ ಬಯಲುಗಳನ್ನು ವಲಸಿಗರ ಬೇಸಾಯಕ್ಕೆ ತೆರವು ಮಾಡುವ ಕಾಲದಲ್ಲಿ ಕಟ್ಟಿದ್ದು. ಆ ಬಯಲುಗಳ ಮೂಲನಿವಾಸಿಗಳು 1885ರಲ್ಲಿ ಎದ್ದ ಬಂಡಾಯದ ನಂತರ ಮೀಸಲು ಪ್ರದೇಶದಿಂದ ಹೊರಬರಲು ಮೂಲನಿವಾಸಿಗಳಿಗೆ ಸರ್ಕಾರಿ ಏಜೆಂಟರ ರಹದಾರಿ ಚೀಟಿ ಬೇಕಾಯಿತು. ಆ ಚೀಟಿಗೆ ಯಾವ ಕಾಯ್ದೆಯ ಬಲವೂ ಇರಲಿಲ್ಲ. ಆದರೂ ಚೀಟಿ ಇಲ್ಲದವರನ್ನು ಪೊಲೀಸರು ಹಿಡಿದು ವಾಪಸು ಕಳಿಸುತ್ತಿದ್ದರು. ಮೂಲನಿವಾಸಿ ಮಕ್ಕಳನ್ನು ಮನೆಯಿಂದ, ತಾಯ್ನುಡಿಯಿಂದ ಬಿಡಿಸಲೆಂದೇ ನಡೆಸಿದ ವಸತಿ ಶಾಲೆಗಳಿಗೆ ಎಳೆದೊಯ್ಯಲು, ಓಡಿಹೋದವರನ್ನು ಹಿಡಿದು ತರಲು ಬಂದದ್ದೂ ಇದೇ ಸಮವಸ್ತ್ರ. ಬ್ರಿಟಿಷ್ ಕೊಲಂಬಿಯಾದ ಕ್ಯಾರಿಯರ್ ಜನರ ಭಾಷೆಯಲ್ಲಿ ಪೊಲೀಸರಿಗೆ ಇರುವ ಪದದ ಅರ್ಥ, ನಮ್ಮನ್ನು ಹಿಡಿದೊಯ್ಯುವವರು. 2021ರ ಜನಗಣತಿಯ ಪ್ರಕಾರ ಮೂಲನಿವಾಸಿಗಳು ಕೆನಡಾದ ಜನಸಂಖ್ಯೆಯ ಶೇ. 5. ಕೇಂದ್ರ ಸರ್ಕಾರದ ಜೈಲುಗಳಲ್ಲಿ ಅವರು ಹೆಚ್ಚುಕಡಿಮೆ ಮೂರನೇ ಒಂದು ಭಾಗ, ಹೆಂಗಸರ ಪೈಕಿ ಸುಮಾರು ಅರ್ಧ.

ಏನೂ ಬದಲಾಗಿಲ್ಲ ಎಂದರೆ ಸುಳ್ಳಾಗುತ್ತದೆ. ಒಂಟಾರಿಯೋದಲ್ಲಿ ಪೊಲೀಸರಿಂದಾದ ಸಾವು, ಗಂಭೀರ ಗಾಯಗಳನ್ನು ತನಿಖೆ ಮಾಡುವ ಪ್ರತ್ಯೇಕ ಘಟಕ 1990ರಿಂದಲೇ ಇದೆ. ಕ್ವಿಬೆಕ್ 2016ರಲ್ಲಿ ಮಾಡಿತು. ಸಾಸ್ಕಾಚೆವಾನ್‌ನಲ್ಲಿ 2006ರಲ್ಲಿ ಐವರು ಸದಸ್ಯರ ದೂರು ಆಯೋಗ ಬಂತು, ಅದರಲ್ಲಿ ಒಬ್ಬರು ಫಸ್ಟ್ ನೇಷನ್ಸ್ ಎಂದು ಕರೆಯುವ ಬುಡಕಟ್ಟುಗಳವರು, ಒಬ್ಬರು ಮೆಟಿ ಎಂಬ, ಮೂಲನಿವಾಸಿ ಮತ್ತು ಯುರೋಪಿಯನ್ ಮಿಶ್ರ ಮೂಲದ ಸಮುದಾಯದವರು ಇರಲೇಬೇಕು. ಆದರೆ ಪ್ರತ್ಯೇಕ ತನಿಖಾ ತಂಡ ಅಲ್ಲಿ ಬರಲು 2020ರ ದಶಕ ಬರಬೇಕಾಯಿತು. ಸ್ಟಾರ್‌ಲೈಟ್ ಟೂರ್ ನಡೆದ ಪ್ರಾಂತ್ಯ ಅದು, ಎಲ್ಲರಿಗಿಂತ ಮೊದಲು ಮಾಡಬೇಕಿತ್ತು. ಆರ್‌ಸಿಎಂಪಿ ವಿಷಯದಲ್ಲಿ ದೂರು ಆಯೋಗ ಶಿಫಾರಸು ಮಾಡಬಲ್ಲದು, ಆಜ್ಞೆ ಮಾಡಲಾರದು. ಅದರ ವರದಿಗೆ ಪೊಲೀಸ್ ಮುಖ್ಯಸ್ಥರ ಉತ್ತರ ಬರಲು ವರ್ಷಗಟ್ಟಲೆ ಕಾದದ್ದುಂಟು. 2024ರಲ್ಲಿ ಬಂದ ಹೊಸ ಕಾಯ್ದೆ ಉತ್ತರಕ್ಕೆ ಗಡುವು ಹಾಕಿದೆ. ಗಡುವು ಎಂಬುದು ಸಣ್ಣ ಮಾತಲ್ಲ, ಗುಮಾಸ್ತನಾಗಿ ಹೇಳುತ್ತೇನೆ.

ಆದರೂ ಈ ಸಂಸ್ಥೆಗಳಿಗೆಲ್ಲ ಒಂದು ಊನ ಇದೆ. ಬಹುಪಾಲು ಪ್ರತ್ಯೇಕ ಘಟಕಗಳ ಬಾಗಿಲು ತೆರೆಯುವುದು ಪೊಲೀಸರ ಕೈಯಲ್ಲಿ ಯಾರಿಗಾದರೂ ಸಾವೋ ಗಂಭೀರ ಗಾಯವೋ ಆಗಿದೆ ಎಂದು ಗೊತ್ತಾದಾಗ. ನೀಲ್‌ನ ಕಡತದ ಪ್ರಕಾರ ಅವನು ಪೊಲೀಸರ ಕೈಯಲ್ಲಿ ಸಿಕ್ಕೇ ಇರಲಿಲ್ಲ. ಡ್ಯಾರೆಲ್ ನೈಟ್‌ಗೆ ಗಾಯವೇ ಆಗಿರಲಿಲ್ಲ. ಥಂಡರ್ ಬೇ ನದಿಯಲ್ಲಿ ಸಿಕ್ಕ ಮಕ್ಕಳನ್ನು ಪೊಲೀಸರು ಮುಟ್ಟಿರಲಿಲ್ಲ, ಸರಿಯಾಗಿ ಹುಡುಕಿರಲಿಲ್ಲ, ಅಷ್ಟೇ. ಇವು ಯಾವುವೂ ಆ ಬಾಗಿಲಿನ ತನಕ ಹೋಗುವುದಿಲ್ಲ. ಯಾವುದು ಆ ಬಾಗಿಲಿಗೆ ಹೋಗಬೇಕು ಎಂದು ಮೊದಲು ಬರೆಯುವವರು ಮತ್ತೆ ಅವರೇ.

ಇದು ಹಳೆಯ ಕಾಗದದ ಕಾಲದ ಕಾಯಿಲೆ ಎನ್ನಬೇಡಿ. ವಿಕಿಪೀಡಿಯಾದಲ್ಲಿ ಸಾಸ್ಕಟೂನ್ ಪೊಲೀಸರ ಬಗ್ಗೆ ಇರುವ ಲೇಖನದಿಂದ ಸ್ಟಾರ್‌ಲೈಟ್ ಟೂರ್‌ಗೆ ಸಂಬಂಧಿಸಿದ ಭಾಗ 2012ರಿಂದ 2016ರ ನಡುವೆ ಹಲವು ಸಲ ಅಳಿಸಿಹೋಯಿತು. ಅದರಲ್ಲಿ ಎರಡು ಸಲ ಅಳಿಸಿದ್ದು ಆ ಪೊಲೀಸ್ ಇಲಾಖೆಯ ಒಳಗಿನ ಕಂಪ್ಯೂಟರಿನಿಂದಲೇ ಎಂಬುದನ್ನು ಇಲಾಖೆ ಒಪ್ಪಿಕೊಂಡಿತು, ಮೇಲಿನವರ ಅನುಮತಿ ಇರಲಿಲ್ಲ ಎಂದಿತು. ಓದಿ ನನಗೆ ನಗು ಬಂತು, ಮುಚ್ಚಿಡುವುದೇಕೆ. ಅಳಿಸಿದ್ದರ ದಿನಾಂಕ, ಗಂಟೆ, ಎಲ್ಲಿಂದ ಎಂಬುದು ಆ ತಾಣದಲ್ಲಿ ಹಾಗೇ ಉಳಿಯುತ್ತದೆ ಎಂದು ಅಳಿಸಿದವರಿಗೆ ತಿಳಿದಿರಲಿಲ್ಲವೋ ಏನೋ.

ಇಲ್ಲಿಗೆ ನನ್ನ ಮಾತು. ಸಭೆಯಿಂದ ಬಂದ ಪ್ರಶ್ನೆಗಳು:

ಕ್ಯಾಮೆರಾ ಹಾಕಿಬಿಟ್ಟರೆ ಈ ಸಮಸ್ಯೆ ಮುಗಿಯುವುದಿಲ್ಲವೇ?

ಫ್ರ್ಯಾಂಕ್ ಪಾಲ್ ಅವರನ್ನು ಎಳೆದುಕೊಂಡು ಹೋದದ್ದು ಲಾಕಪ್ಪಿನ ಕ್ಯಾಮೆರಾದಲ್ಲಿ ಇತ್ತು ಸ್ವಾಮಿ. 1998ರಲ್ಲೇ ಇತ್ತು. 2020ರ ಮಾರ್ಚಿನಲ್ಲಿ ಫೋರ್ಟ್ ಮೆಕ್‌ಮರ್ರಿಯಲ್ಲಿ, ನಂಬರ್ ಪ್ಲೇಟಿನ ಅವಧಿ ಮುಗಿದಿದೆ ಎಂಬಲ್ಲಿಂದ ಶುರುವಾದ ಜಗಳದಲ್ಲಿ, ಬುಡಕಟ್ಟು ಮುಖ್ಯಸ್ಥ ಅಲನ್ ಆಡಮ್ ಅವರನ್ನು ಆರ್‌ಸಿಎಂಪಿಯವರು ನೆಲಕ್ಕೆ ಕೆಡವಿ ಮುಖಕ್ಕೆ ಗುದ್ದಿದರು. ಪೊಲೀಸ್ ಕಾರಿನ ಕ್ಯಾಮೆರಾದಲ್ಲಿ ಎಲ್ಲ ದಾಖಲಾಗಿತ್ತು. ಅದನ್ನು ನೋಡಿದ ಮೇಲೂ ಮೇಲಧಿಕಾರಿಗಳು ಇದು ಸರಿಯಾಗಿಯೇ ಇದೆ ಎಂದಿದ್ದರು. ಆಡಮ್ ಅವರ ವಕೀಲರ ಮೂಲಕ ಜೂನ್‌ನಲ್ಲಿ ಆ ದೃಶ್ಯವನ್ನು ಜನ ನೋಡಿದ ಮೇಲೆ ಆಡಮ್ ಮೇಲೆ ಹಾಕಿದ್ದ ಆರೋಪ ಹಿಂದಕ್ಕೆ ಹೋಯಿತು. ಕ್ಯಾಮೆರಾ ಬೇಕು. ಅದರ ಕೀಲಿಕೈ ಯಾರ ಬಳಿ ಇರುತ್ತದೆ ಎಂದು ಜೊತೆಗೇ ಕೇಳಿ.

ಮೂಲನಿವಾಸಿಗಳೇ ಪೊಲೀಸರಾದರೆ?

ಆಗಿದ್ದಾರೆ. ಲೂಟಿಟ್ ಒಬ್ಬರು. ಒಬ್ಬರೇ ಇದ್ದಾಗ ಜೆರಾಕ್ಸ್ ತೆಗೆದು ಮನೆಯಲ್ಲಿ ಇಟ್ಟುಕೊಳ್ಳುವಷ್ಟೇ ಶಕ್ತಿ. ಬುಡಕಟ್ಟುಗಳದೇ ಪೊಲೀಸ್ ಪಡೆಗಳೂ ಇವೆ, 1990ರ ದಶಕದಿಂದ ಅವಕ್ಕೆ ಸರ್ಕಾರದ ಯೋಜನೆಯಡಿ ಹಣ ಬರುತ್ತದೆ. ಆದರೆ ಯೋಜನೆ ಎಂದರೆ ವರ್ಷವರ್ಷ ನವೀಕರಣ, ವರ್ಷವರ್ಷ ಕೊರತೆ. ಕ್ವಿಬೆಕ್‌ನ ‘ಇನ್ನು’ (Innu) ಎಂಬ ಮೂಲನಿವಾಸಿ ಜನಾಂಗದ ಸಮುದಾಯವೊಂದು ತನ್ನ ಪಡೆಗೆ ಸಾಕಷ್ಟು ಹಣ ಕೊಡದ ಪ್ರಾಂತ್ಯ ಸರ್ಕಾರದ ವಿರುದ್ಧ ಸುಪ್ರೀಂ ಕೋರ್ಟಿನವರೆಗೂ ಹೋಗಿ 2024ರ ನವೆಂಬರಿನಲ್ಲಿ ಗೆದ್ದಿದೆ.

ಇಷ್ಟೆಲ್ಲ ಆಗುವ ಮೊದಲು ಸಾಸ್ಕಟೂನ್ ಪೊಲೀಸ್ ಇಲಾಖೆಗೆ ಇದು ಗೊತ್ತೇ ಇರಲಿಲ್ಲವೇ?

ಈ ಪ್ರಶ್ನೆ ಬರಲಿ ಎಂದು ಕಾಯುತ್ತಿದ್ದೆ. 2003ರಲ್ಲಿ ಆಗಿನ ಪೊಲೀಸ್ ಮುಖ್ಯಸ್ಥ ರಸೆಲ್ ಸೇಬೊ, ಇದು ಹಿಂದೆಯೂ ನಡೆದಿರಬಹುದು ಎಂದು ಒಪ್ಪಿಕೊಂಡರು. ಹಾಗೆ ಹೇಳುವಾಗ ಅವರು ಇಲಾಖೆಯದೇ ಒಂದು ಹಳೆಯ ಶಿಸ್ತುಕ್ರಮವನ್ನು ಹೊರಗೆಡವಿದರು. ಮೂಲನಿವಾಸಿ ಮಹಿಳೆಯೊಬ್ಬರನ್ನು ಊರ ಹೊರಗೆ ಒಯ್ದು ಬಿಟ್ಟುಬಂದದ್ದಕ್ಕಾಗಿ ಒಬ್ಬ ಪೊಲೀಸನ ಮೇಲೆ ಕ್ರಮ ಆಗಿತ್ತು. ಅದು ಆದದ್ದು 1976ರಲ್ಲಿ. ನೀಲ್ ಸ್ಟೋನ್‌ಚೈಲ್ಡ್ ಆಗ ಮೂರು ವರ್ಷದ ಮಗು.